ಕುರ್ಚಿಯ ಮೇಲೆ ಕೂತ ಅಂಗಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಬೆಂಗಳೂರಿನ ಒಂದು ಮ್ಯೂಸಿಯಮ್ಮಿನಲ್ಲಿ, ಗಾಜಿನ ಪೆಟ್ಟಿಗೆಯ ಪಕ್ಕದ ಗೋಡೆಗೆ, ಆ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿ ಅಂಟಿಸಿದ್ದರು. ಅದನ್ನು ನೋಡಿಕೊಂಡು ಬಂದಮೇಲೆ ಯಾರಾದರೂ ಪೂರ್ತಿ ಹೆಸರು ಹಿಡಿದು ಕರೆದರೂ ಅವರಿಗೆ ಮೈಮೇಲೆ ಹುಳ ಬಿಟ್ಟಂತಾಗುತ್ತಿತ್ತು. ಈಗ ಅವರಿಲ್ಲ. ಇಲ್ಲದವರ ಹೆಸರನ್ನು ಇನ್ನೊಂದು ಸಲ ಅಚ್ಚು ಹಾಕಿಸಿ ಹಿಂಸೆ ಕೊಡುವ ಆಸೆ ನನಗಿಲ್ಲ. ಚಿನ್ನದ ಗಣಿಯ ಊರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಎಲ್ಲರೂ ಅವರನ್ನು ಗೊಂಬೆಯಣ್ಣ ಅನ್ನುತ್ತಿದ್ದರು. ನನಗೂ ಅವರು ಗೊಂಬೆಯಣ್ಣನೇ.

ನಾನು ಅಲ್ಲಿಯ ಒಂದು ಜವಳಿ ಅಂಗಡಿಗೆ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಬೆಳಿಗ್ಗೆ ಎದ್ದು ಹಸು ಕರೆದು, ಡೇರಿಗೆ ಹಾಲು ಹಾಕಿ, ಕೈಗೆ ಅಂಟಿದ ಹಾಲಿನ ವಾಸನೆ ಹೋಗುವಷ್ಟು ಸೋಪು ಉಜ್ಜಿ ಬಸ್ಸು ಹತ್ತುತ್ತಿದ್ದೆ. ಯಜಮಾನರು ನನ್ನನ್ನು ಸೀರೆ ಕೌಂಟರಿಗೆ ಹಾಕಿದರು. ಒಂದೆರಡು ವರ್ಷದಲ್ಲಿ ನನಗೆ ಎಂಥ ಕಣ್ಣು ಬಂತೆಂದರೆ, ಗಿರಾಕಿ ಚಪ್ಪಲಿ ಬಿಡುವ ಹೊತ್ತಿಗೆ ಅವರು ಉಟ್ಟ ಸೀರೆ ಯಾವ ಊರಿನದು, ಎಷ್ಟು ಒಗೆತ ಕಂಡಿದೆ, ರವಿಕೆ ಯಾರ ಕೈಯ ಹೊಲಿಗೆ ಎಂದೆಲ್ಲ ಹೇಳಿಬಿಡುತ್ತಿದ್ದೆ. ಈ ಜಂಬ ನನಗೆ ಬಹಳ ದಿನ ಇತ್ತು.

ಮೊದಲ ದಿನ ಗೊಂಬೆಯಣ್ಣನನ್ನು ಕಂಡಾಗ ಅವರ ಬಾಯಿ ತುಂಬ ಗುಂಡುಪಿನ್ನು. ಶೋಕೇಸಿನೊಳಗೆ ಮಂಡಿಯೂರಿ ಕೂತು ಒಂದು ಗೊಂಬೆಗೆ ನೆರಿಗೆ ಹಿಡಿಯುತ್ತಿದ್ದರು. ನಮಸ್ಕಾರ ಅಂದೆ. ಹುಬ್ಬು ಎತ್ತಿದರು. ಅದೇ ನಮಸ್ಕಾರ. ಪಿನ್ನು ಬಾಯಲ್ಲಿ ಇದ್ದಷ್ಟು ಹೊತ್ತು ಅವರ ಸಂಭಾಷಣೆಯೆಲ್ಲ ಹುಬ್ಬಿನಲ್ಲೇ. ಬೇಡ ಅನ್ನುವುದಕ್ಕೆ ಎಡಹುಬ್ಬು, ಆಗಲಿ ಅನ್ನುವುದಕ್ಕೆ ಎರಡೂ. ಯಜಮಾನರ ಮೇಲೆ ಸಿಟ್ಟು ಬಂದರೆ ಹುಬ್ಬು ಅಲುಗಾಡದೆ ನಿಂತುಬಿಡುತ್ತಿತ್ತು. ಎಲ್ಲ ಮುಗಿಸಿ ಹೊರಗೆ ಬಂದು, ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡು, ರಸ್ತೆಯ ಆ ಕಡೆಗೆ ಹೋಗಿ ನಿಂತು ನೋಡುತ್ತಿದ್ದರು. ಬಸ್ಸು ಆಟೋಗಳ ನಡುವೆ ನಿಂತು ಕತ್ತನ್ನು ಕೋಳಿಯ ಹಾಗೆ ಓರೆ ಮಾಡುತ್ತಿದ್ದ ಆ ಮನುಷ್ಯನನ್ನು ಕಂಡು ಹೊಸಬರು ನಗುತ್ತಿದ್ದರು.

ಅವರು ಬೇತಮಂಗಲದ ಕಡೆಯವರು. ಮದುವೆಯಾಗಿರಲಿಲ್ಲ. ಅಣ್ಣ ಹೊಲ ನೋಡಿಕೊಳ್ಳುತ್ತಿದ್ದ. ಇವರು ಚಿಕ್ಕಂದಿನಲ್ಲಿ ದೇವರಿಗೆ ಸೀರೆ ಉಡಿಸಿ ಅಲಂಕಾರ ಮಾಡುವವರ ಹಿಂದೆ ತಿರುಗಿ ಕೈ ಪಳಗಿಸಿಕೊಂಡವರು. ಅಂಗಡಿಯಲ್ಲಿ ಮೂರು ಗೊಂಬೆಗಳಿದ್ದವು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಕಾಲಡಿಯ ನೆಲ ನಡುಗುತ್ತಿತ್ತು. ಪಾತ್ರೆ ಗಲಗಲ ಅನ್ನುವುದು, ಗೋಡೆಯ ಪಟ ಓರೆಯಾಗುವುದು ಕೆಜಿಎಫ್‌ನವರಿಗೆ ಹೊಸದಲ್ಲ. ಹಾಗೊಂದು ನಡುಕದಲ್ಲಿ ಬಿದ್ದು ಒಂದು ಗೊಂಬೆಯ ಮೂಗು ಮುಕ್ಕಾಗಿತ್ತು. ಆಮೇಲಿಂದ ಗೊಂಬೆಯಣ್ಣ ಮೂರರ ಸೊಂಟಕ್ಕೂ ಹುರಿ ಕಟ್ಟಿ ಹಿಂದಿನ ಗೋಡೆಯ ಕೊಕ್ಕೆಗೆ ಬಿಗಿದಿದ್ದರು. ಆದರೂ ನೆಲ ಅಲುಗಾಡಿತೋ, ನಾವೆಲ್ಲ ಹೊರಗೆ ಓಡಿದರೆ ಅವರು ಶೋಕೇಸಿನೊಳಗೆ ಹಾರಿ ಎರಡೂ ಕೈ ಚಾಚಿ ನಿಲ್ಲುತ್ತಿದ್ದರು. ಯಜಮಾನರು ತೆಲುಗು ಬೆರೆಸಿ, "ಏಮಯ್ಯಾ, ಮೂರು ಜನ ಹೆಂಡ್ರಾ ನಿಂಗೆ?" ಎಂದು ಕೆಣಕುವರು. ಇವರು ನಗುತ್ತಿರಲಿಲ್ಲ. "ನಾ ಉಡ್ಸಿರೋರು ಬೀಳಬಾರ್ದು ಸಾಮೀ" ಅನ್ನುತ್ತಿದ್ದರು.

ನಮ್ಮ ಕಡೆ ಗೊಂಬೆ ಉಟ್ಟ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. "ಅದು ಉಟ್ಟ ಸೀರೆ ಕಣಮ್ಮ, ಒಳಗಿಂದ ಒಸಾದು ತೆಗಿ" ಎನ್ನುವರು. ಹೀಗಾಗಿ ಶೋಕೇಸಿನಲ್ಲಿ ಇಟ್ಟದ್ದು ಮಾರಾಟಕ್ಕಲ್ಲ ಅನ್ನುವುದು ನಮಗೆಲ್ಲ ರಕ್ತಗತ. ಪ್ರತಿ ಅಮಾವಾಸ್ಯೆಗೆ ಗೊಂಬೆಯಣ್ಣ ಶೋಕೇಸನ್ನು ಪೂರ್ತಿ ಇಳಿಸಿ, ಬಟ್ಟೆಯೆಲ್ಲ ಮಡಚಿ ಒಳಗಿಟ್ಟು, ಗಾಜು ತೊಳೆದು, ಬಾಗಿಲಲ್ಲಿ ಕುಂಬಳಕಾಯಿ ಒಡೆದಮೇಲೆ ಮತ್ತೆ ಹೊಸದಾಗಿ ಕಟ್ಟುತ್ತಿದ್ದರು. ಏರಿಸಿದ್ದು ಇಳಿಯಲೇಬೇಕು. ಇಳಿಸದ ಶೋಕೇಸು ಅಂತ ಒಂದಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಂದಿನದೆಲ್ಲ ಆದದ್ದು ಇದರಿಂದಲೇ.

ಪಿತೃಪಕ್ಷದ ಹದಿನೈದು ದಿನ ಜವಳಿ ಅಂಗಡಿಗಳಿಗೆ ಸಪ್ಪೆ ಕಾಲ. ಮದುವೆ ಮುಂಜಿ ಇಲ್ಲ, ತಮಗೆಂದು ಯಾರೂ ಹೊಸಬಟ್ಟೆ ತೆಗೆಯುವುದಿಲ್ಲ. ತೆಗೆಯುವುದು ಸತ್ತವರಿಗೆ. ಮಹಾಲಯ ಅಮಾವಾಸ್ಯೆ ದಿನ ಹಿರಿಯರ ಪಟದ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಸೀರೆ, ಅಂಗಿ, ಪಂಚೆ ಇಟ್ಟು ಬಾಗಿಲು ಓರೆ ಮಾಡಿ ಸ್ವಲ್ಪ ಹೊತ್ತು ಎಲ್ಲರೂ ಹೊರಗಿರುತ್ತಾರೆ. ಹಿರಿಯರು ಬಂದು ಉಂಡು, ಬಟ್ಟೆ ಮುಟ್ಟಿ ಹೋಗುತ್ತಾರೆ ಎಂದು ನಂಬಿಕೆ. ಒಂದು ವರ್ಷ ಗೊಂಬೆಯಣ್ಣ ಆ ಪಕ್ಷದಲ್ಲಿ ಮೂರೂ ಗೊಂಬೆಗಳನ್ನು ಒಳಗಿಟ್ಟು, ಶೋಕೇಸಿನಲ್ಲಿ ಬರೀ ಕುರ್ಚಿ ಮಣೆಗಳನ್ನು ಸಾಲಾಗಿ ಹಾಕಿ, ಅವುಗಳ ಮೇಲೆ ಬಟ್ಟೆಗಳನ್ನು ಕೂರಿಸಿದರು. ಕೂರಿಸಿದರು ಎಂದೇ ಹೇಳಬೇಕು. ಒಂದು ಜುಬ್ಬ ಮುಂದಕ್ಕೆ ಬಾಗಿ ಅನ್ನ ಕಲೆಸುತ್ತಿದೆ. ಒಂದು ಸೀರೆ ಸೆರಗು ಎಳೆದುಕೊಂಡು ಪಕ್ಕದವರ ಎಲೆ ನೋಡುತ್ತಿದೆ. ಒಳಗೆ ಯಾರೂ ಇಲ್ಲ.

"ಬಟ್ಟೆ ಉಡ್ಸಾದು ದೊಡ್ಡದಲ್ಲ ತಂಗಚ್ಚಿ" ಎಂದರು ನನಗೆ. "ಉಟ್ಟೋರು ಈಗ್ತಾನೆ ಎದ್ದು ಕೈ ತೊಳ್ಯಕ್ಕೆ ಓಗವ್ರೆ ಅನ್ನಂಗಿರಬೇಕು."

ಯಜಮಾನರು ಅಪಶಕುನ ಎಂದು ಕೂಗಾಡಿದರು. ಆದರೆ ಸಂಜೆಯ ಹೊತ್ತಿಗೆ ಗಾಜಿನ ಮುಂದೆ ಜನ. ಶಿಫ್ಟು ಮುಗಿಸಿ ಬರುತ್ತಿದ್ದ ಗಣಿಯವರು ಸೈಕಲ್ ನಿಲ್ಲಿಸಿದರು. ಒಬ್ಬ ಮುದುಕಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಮುಗಿದವಳು ಒಳಗೆ ಬಂದು ಒಂದು ಪಂಚೆ ತೆಗೆದುಕೊಂಡಳು. ಯಜಮಾನರ ಕೂಗು ನಿಂತಿತು. ಅಲ್ಲಿಂದ ಮುಂದೆ ಪ್ರತಿ ವರ್ಷ ಪಿತೃಪಕ್ಷಕ್ಕೆ ಗೊಂಬೆಯಿಲ್ಲದ ಶೋಕೇಸು ರಾಬರ್ಟ್‌ಸನ್‌ಪೇಟೆಯ ರೂಢಿಯಾಯಿತು.

ಎಂಬತ್ತರ ದಶಕದ ನಡುವೆ ಒಂದು ವರ್ಷ, ಅದೇ ಪಿತೃಪಕ್ಷದಲ್ಲಿ, ಬೆಂಗಳೂರಿನಿಂದ ಒಬ್ಬ ಮೇಡಂ ಚಿನ್ನ ತೆಗೆದು ಉಳಿದ ಗಣಿಮಣ್ಣಿನ ಗುಡ್ಡೆಗಳಾದ ನಮ್ಮ ಸೈನೈಡ್ ದಿಬ್ಬಗಳ ಫೋಟೋ ತೆಗೆಯಲು ಬಂದಿದ್ದರು. ಚಿತ್ರಕಲೆ ಕಲಿಸುವವರು. ಗಾಜಿನ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ಉಡುಪಿನ ಬಗ್ಗೆ ಒಂದು ದೊಡ್ಡ ಪ್ರದರ್ಶನ ಆಗಲಿದೆಯೆಂದೂ, ಈಗ ಹೊರದೇಶದಲ್ಲೆಲ್ಲ ಬಟ್ಟೆ ಹೊಲಿಯುವವರೂ ಚಿತ್ರ ಬರೆಯುವವರೂ ಒಂದೇ ಗೋಡೆಗೆ ಸೇರುತ್ತಿದ್ದಾರೆಂದೂ, ಇದನ್ನು ಅಲ್ಲಿ ಬಂದು ಕಟ್ಟಿಕೊಡಬೇಕೆಂದೂ ಕೇಳಿದರು. ಒಂದೇ ಬದಲಾವಣೆ: ಅಂಗಡಿಯ ಹೊಸ ಬಟ್ಟೆ ಬೇಡ, ಜನ ಉಟ್ಟು ಬಿಟ್ಟ ಬಟ್ಟೆ ಬೇಕು.

ಗೊಂಬೆಯಣ್ಣನ ಎರಡೂ ಹುಬ್ಬು ಮೇಲೆ ಹೋದದ್ದು ಕೆಳಗೆ ಬರಲು ಒಂದು ವಾರ ಹಿಡಿಯಿತು.

ಬೇಸಿಗೆಯ ಹೊತ್ತಿಗೆ ಅವರು ಗಣಿಯವರು ಸಾಲುಸಾಲಾಗಿ ವಾಸವಿದ್ದ ಲೈನುಮನೆಗಳಲ್ಲಿ ಸುತ್ತಾಡಿ ಹಳೆ ಬಟ್ಟೆ ಕೇಳತೊಡಗಿದರು. ಜನ ಬೇಡವಾದದ್ದು ಕೊಟ್ಟರು. ಗೊಂಬೆಯಣ್ಣನಿಗೆ ಅಂಥ ಬೇಡವಾದದ್ದು ಬೇಡ. ಉರಿಗಾಂ ಲೈನಿನಲ್ಲಿದ್ದ ನನ್ನ ಅಕ್ಕನ ಮನೆಗೆ ಅವರನ್ನು ಕರೆದುಕೊಂಡು ಹೋದವಳು ನಾನು.

ನನ್ನ ಭಾವ ಗಣಿಯಲ್ಲಿ ಬಂಡೆ ಸಿಡಿದು ಹೋದವರು. ಮಕ್ಕಳಿರಲಿಲ್ಲ. ಕ್ರಿಯೆಯ ದಿನ ಅವರ ಬಟ್ಟೆಯೆಲ್ಲ ಕೊಟ್ಟು ಕಳಿಸುವಾಗ ಅಕ್ಕ ಒಂದು ಬಿಳಿ ಟೆರಿಲಿನ್ ಅಂಗಿಯನ್ನು ಮಾತ್ರ ಟ್ರಂಕಿನಲ್ಲಿ ಬಚ್ಚಿಟ್ಟುಕೊಂಡಿದ್ದಳು. ಭಾವ ಪೇಟೆಗೆ ಹೋಗುವಾಗ ಹಾಕುತ್ತಿದ್ದದ್ದು. ಜೇಬು ಹರಿದಾಗ ಬಿಳಿ ನೂಲು ಮುಗಿದಿತ್ತೆಂದು ಅಕ್ಕ ಕೆಂಪು ನೂಲಿನಲ್ಲಿ ಹೊಲಿದಿದ್ದಳು. ಅದನ್ನು ಹಾಕಿಕೊಂಡು ಓಡಾಡಿದ್ದಕ್ಕೆ ಲೈನಿನವರು ಭಾವನನ್ನು ರೇಗಿಸಿದ್ದೂ ಉಂಟು. ಮಹಾಲಯಕ್ಕೆ ಎಲ್ಲರೂ ಹೊಸ ಬಟ್ಟೆ ಇಟ್ಟರೆ ಅಕ್ಕ ಮಾತ್ರ ವರ್ಷ ವರ್ಷ ಅದೇ ಅಂಗಿ ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿಸಿ ಇಡುತ್ತಿದ್ದಳು. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಒಸಾದು ಇಟ್ರೆ ಯಾರ್ದೋ ಏನೋ ಅಂದ್ಬುಟ್ಟು ಮುಟ್ಟದಂಗೇ ಓಗ್ಬುಡ್ತಾರೆ ಕಣೇ. ಅವ್ರು ಮೊದ್ಲೇ ನಾಚ್ಕೆ ಮನ್ಷ" ಎಂದಿದ್ದಳು.

ಆ ಅಂಗಿಯನ್ನು ಅವಳು ಕೊಡುತ್ತಾಳೆಂದು ನಾನೂ ಅಂದುಕೊಂಡಿರಲಿಲ್ಲ. ತೋರಿಸಲು ಮಾತ್ರ ತೆಗೆದಳು. ಗೊಂಬೆಯಣ್ಣ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ, ಅಂಗಿಯನ್ನು ಅದರ ಮೇಲೆ ಇಟ್ಟು, ಕಾಲರನ್ನು ಬೆರಳಿನಿಂದ ಒಂದಿಷ್ಟು ಎತ್ತಿ, ಒಂದು ತೋಳನ್ನು ಕುರ್ಚಿಯ ಕೈಮೇಲೆ ಹಾಕಿ, ಇನ್ನೊಂದನ್ನು ತೊಡೆಯಿರುವ ಜಾಗಕ್ಕೆ ಇಳಿಬಿಟ್ಟರು. ಭಾವನನ್ನು ಅವರು ಕಂಡವರೇ ಅಲ್ಲ.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಇಂಗೇ ಕೂತ್ಕಂತಿದ್ರು" ಎಂದಳು. "ಕೆಲ್ಸುಕ್ಕೆ ಓಗಕ್ಕೆ ಮುಂಚೆ ಇಂಗೇ." ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ ತಾನೇ ಅಂಗಿ ಮಡಚಿ ಅವರ ಕೈಗಿಟ್ಟಳು. "ತಕ್ಕೊಂಡೋಗಣ್ಣ. ನಾಕು ಜನ ನೋಡ್ಲಿ ಅವ್ರನ್ನ. ಅಮಾಸೆಗೆ ಮಾತ್ರ ಬೇಕು ನಂಗೆ."

"ಅಮಾಸೆಗೆ ಮುಂಚೇನೇ ತಂದ್ಕೊಡ್ತೀನಮ್ಮಾ" ಎಂದರು ಗೊಂಬೆಯಣ್ಣ. "ಇಳ್ಸಿದ್ ದಿನಾನೇ ತತ್ತೀನಿ."

ಪ್ರದರ್ಶನ ಶುರುವಾದ ದಿನ ಯಜಮಾನರು ನನಗೂ ರಜ ಕೊಟ್ಟರು. ಅಂಥ ಜಾಗಕ್ಕೆ ನಾನು ಹೋದದ್ದು ಅದೇ ಮೊದಲು. ನುಣುಪಾದ ನೆಲ, ಬಿಳಿ ಗೋಡೆ, ಗೋಡೆಗಿಂತ ಬೆಳ್ಳಗಿನ ಬಟ್ಟೆಯ ಜನ. ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಲೈನುಮನೆಗಳ ಬಟ್ಟೆಗಳು ಸಾಲಾಗಿ ಊಟಕ್ಕೆ ಕೂತಿದ್ದವು. ನಡುವೆ, ಎಲ್ಲರಿಗಿಂತ ಸ್ವಲ್ಪ ಹಿಂದೆ ಸರಿದು, ಭಾವನ ಅಂಗಿ. ಜನ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ. ನನಗೆ ಹೆಮ್ಮೆಯೋ ಹೆಮ್ಮೆ. ಗೊಂಬೆಯಣ್ಣನಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಫೋಟೋ ತೆಗೆದರು. ಅಲ್ಲಿಯ ದೊಡ್ಡ ಅಧಿಕಾರಿ ಅವರ ಹೆಗಲ ಮೇಲೆ ಕೈಯಿಟ್ಟು, "ಇದನ್ನ ನಾವೇ ಇಟ್ಕೊಳ್ಳೋಣ ಅಂತಿದೀವಿ. ಬಟ್ಟೆಗಳೆಲ್ಲ ನಿಮ್ಮವೇ ತಾನೆ?" ಎಂದರು.

ಗೊಂಬೆಯಣ್ಣ ಸುತ್ತ ನೋಡಿದರು. ಅಷ್ಟು ಜನ ತಮ್ಮ ಬಾಯನ್ನೇ ನೋಡುತ್ತಿದ್ದದ್ದು ಅವರ ಜೀವಮಾನದಲ್ಲಿ ಅದೊಂದೇ ಸಲ. ಬಾಯಲ್ಲಿ ಪಿನ್ನೂ ಇರಲಿಲ್ಲ.

"ನನ್ನವೇ ಸಾರ್" ಎಂದರು. "ಎಲ್ಲಾ ನನ್ನವೇ."

ನಾನು ಪಕ್ಕದಲ್ಲೇ ಇದ್ದೆ. ನನಗೆ ಏನೂ ಅನ್ನಿಸಲಿಲ್ಲ, ನಕ್ಕೆ ಕೂಡ. ಅಂಗಡಿಯಲ್ಲೂ ಅವರು ಹಾಗೇ, ನನ್ನ ಸೀರೆ, ನನ್ನ ಶೋಕೇಸು ಎನ್ನುವವರು. ಇಟ್ಟುಕೊಳ್ಳುತ್ತೇವೆ ಅಂದರೆ ಇನ್ನೊಂದಿಷ್ಟು ದಿನ ಅಂತ ಇಬ್ಬರೂ ತಿಳಿದೆವು. ಬಸ್ಸಿನಲ್ಲಿ ಬುಟ್ಟಿಯ ಸೇಬು ಹಂಚಿಕೊಂಡು ತಿಂದುಕೊಂಡು ಬಂದೆವು.

ಪ್ರದರ್ಶನ ಮುಗಿದ ಮರುದಿನ ಅವರು ಬಟ್ಟೆಗಳನ್ನು ತರಲು ದೊಡ್ಡ ಕೈಚೀಲ ಹಿಡಿದು ಹೋದರು. ಸಂಜೆ ನಾನು ಅಂಗಡಿಯ ಮೆಟ್ಟಿಲಿಳಿಯುವಾಗ ಎದುರಿಗೆ ಬಂದರು. ಚೀಲ ಮಡಚಿ ಕಂಕುಳಲ್ಲಿತ್ತು. "ಇಳ್ಸೋದಿಲ್ವಂತೆ ತಂಗಚ್ಚಿ" ಎಂದರು. ನನಗೆ ಅರ್ಥವಾಗಲಿಲ್ಲ. "ಇಳ್ಸೋದೇ ಇಲ್ವಂತೆ. ಇನ್ನು ಯಾವತ್ತೂ."

ಆ ರಾತ್ರಿ ಅವರು ನಿದ್ದೆ ಮಾಡಿದರೋ ಇಲ್ಲವೋ ತಿಳಿಯದು. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅಕ್ಕನಿಗೆ ಅವರೇ ಹೋಗಿ ಹೇಳಿ ಬಂದಿದ್ದರು. ನನ್ನ ಕೈಲಿ ಹೇಳಿಸಬಹುದಿತ್ತು, ಹೇಳಿಸಲಿಲ್ಲ. ತಾವು 'ನನ್ನವೇ' ಎಂದದ್ದನ್ನೂ ಹೇಳಿದ್ದರು.

ಮಹಾಲಯಕ್ಕೆ ಇನ್ನೂ ದಿನ ಇರುವಾಗ ಮೂವರೂ ಬೆಂಗಳೂರಿಗೆ ಹೋದೆವು. ಆ ಮೇಡಂ ಆಗ ಊರಲ್ಲಿರಲಿಲ್ಲ. ಆಮೇಲೆ ಅವರೂ ಕೇಳಿ ನೋಡಿದರಂತೆ, ಆಗಲಿಲ್ಲವಂತೆ. ಅಧಿಕಾರಿ ಒಳ್ಳೆಯ ಮನುಷ್ಯ. ನಮಗೆ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಆದರೆ ಇದು ಈಗ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿಯಾಯಿತು, ಒಂದು ಅಂಗಿ ತೆಗೆದರೆ ಇಡೀ ಕೃತಿ ಹಾಳು ಎಂದರು.

"ಇದೇ ತರದ್ದು ಬ್ಯಾರೆ ಅಂಗಿ ಕೂರಿಸ್ತೀನಿ ಸಾರ್" ಎಂದರು ಗೊಂಬೆಯಣ್ಣ. "ಯಾರ್ಗೂ ಗೊತ್ತಾಗಲ್ಲ."

"ಅದು ಹೇಗಾಗುತ್ತೆ? ಅದೇ ಅಂಗಿ ಇರಬೇಕಲ್ವಾ?" ಎಂದರು ಅಧಿಕಾರಿ.

ಅಕ್ಕ ತಲೆ ಎತ್ತಿ ಅವರನ್ನು ನೋಡಿದಳು. ಅವಳೂ ಅದನ್ನೇ ಹೇಳಲು ಬಂದಿದ್ದಳು.

ಹಾಗಾದರೆ ಅಮಾವಾಸ್ಯೆ ದಿನ ಇಲ್ಲೇ ಒಂದು ಎಲೆ ಹಾಕಲು ಬಿಡಿ ಎಂದು ಗೊಂಬೆಯಣ್ಣ ಕೈ ಮುಗಿದರು. ಊಟ ತಿಂಡಿ ಒಳಗೆ ತರುವ ಹಾಗಿಲ್ಲ, ಬಟ್ಟೆಗೆ ಹುಳ ಹಿಡಿಯುತ್ತದೆ ಎಂದರು ಅಧಿಕಾರಿ. ಕೊನೆಗೆ ನೋಡಿಕೊಂಡು ಹೋಗಲು ಬಿಟ್ಟರು. ಗಾಜಿನ ಮುಂದೆ ಒಂದು ದಪ್ಪ ಹಗ್ಗ ಕಟ್ಟಿತ್ತು. ಅಕ್ಕ ಹಗ್ಗದ ಈಚೆ ನಿಂತಳು. ಭಾವನ ಅಂಗಿ ಆಚೆ ಕೂತಿತ್ತು. ಪಕ್ಕದ ಚೀಟಿಯಲ್ಲಿ ಗೊಂಬೆಯಣ್ಣನ ಹೆಸರು. ಅಕ್ಕನಿಗೆ ಓದು ಬರುತ್ತಿರಲಿಲ್ಲ. "ಅದ್ರಾಗೆ ಅವ್ರೆಸ್ರು ಬರ್ದವ್ರಾ?" ಎಂದು ಕೇಳಿದಳು. ಗೊಂಬೆಯಣ್ಣನೇ, "ಇಲ್ಲಮ್ಮಾ. ನಂದು" ಎಂದರು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಒಂದು ದೊಡ್ಡ ಬಟ್ಟೆ ಅಂಗಡಿ ಎದುರಾಯಿತು. ಮ್ಯೂಸಿಯಮ್ಮಿಗೆ ಬರುವಂಥ ಜನವೇ ಕೊಳ್ಳಲು ಹೋಗುವ ಅಂಗಡಿ. ಅದರ ಶೋಕೇಸಿನಲ್ಲಿ ಗೊಂಬೆಗಳಿರಲಿಲ್ಲ. ಕುರ್ಚಿಗಳು. ಕುರ್ಚಿಗಳ ಮೇಲೆ ಕೂತ ಅಂಗಿಗಳು, ಎಲ್ಲ ಹೊಸವು, ಬಿಳಿಯವು. ಒಂದೊಂದರ ಜೇಬಿಗೂ ಕೆಂಪು ನೂಲಿನ ವಕ್ರವಕ್ರ ಹೊಲಿಗೆ. ಒಳಗೆ ಗಂಡು ಹೆಣ್ಣೆನ್ನದೆ ಅವನ್ನೇ ತೆಗೆದು ಮೈಗೆ ಹಿಡಿದು ಕನ್ನಡಿ ನೋಡುತ್ತಿದ್ದರು. ನಾವು ಮೂವರೂ ಗಾಜಿನ ಹೊರಗೆ ನಿಂತುಬಿಟ್ಟೆವು.

ಅಕ್ಕ ಬಹಳ ಹೊತ್ತು ನೋಡಿದಳು. "ಇವ್ರ ಮನೇಲೂ ಬಿಳೇ ನೂಲು ಮುಗ್ದೋಗಿತ್ತಾ?" ಎಂದಳು.

ಅವಳು ತಮಾಷೆಗೆ ಕೇಳಿದ್ದಲ್ಲ. ನನಗೆ ನಗುವೂ ಬಂತು, ಎದೆಗೆ ಒದ್ದಂತೆಯೂ ಆಯಿತು. ಗೊಂಬೆಯಣ್ಣ ಫುಟ್‌ಪಾತಿನ ಮೇಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡರು. ಯಾರೋ ಹಾದುಹೋಗುವವರು ಬಿಸಿಲಿಗೆ ತಲೆ ಸುತ್ತಿರಬೇಕೆಂದು ನೀರು ತಂದುಕೊಟ್ಟರು.

ಆ ವರ್ಷ ಅಕ್ಕ ಭಾವನ ಎಲೆಯ ಪಕ್ಕ ಒಂದು ಟವಲ್ಲು ಇಟ್ಟಳು. ಅಂಗಿ ಇಡಲಿಲ್ಲ. ಮಧ್ಯಾಹ್ನ ಗೊಂಬೆಯಣ್ಣ ಬಾಗಿಲಲ್ಲಿ ನಿಂತರು, ಕೈಯಲ್ಲಿ ಹೊಸ ಬಿಳಿ ಅಂಗಿ. ಜೇಬನ್ನು ತಾವೇ ಹರಿದು ಕೆಂಪು ನೂಲಿನಲ್ಲಿ ಹೊಲಿದಿದ್ದರು. ಅಕ್ಕ ಅದನ್ನು ಮುಟ್ಟಲಿಲ್ಲ. "ನಿಮ್ಮಂಗಿ ನಿಮ್ಮತ್ರಾನೇ ಇರ್ಲಿ" ಎಂದು ಬಾಗಿಲು ಮುಚ್ಚಿದಳು. ನಾನು ಒಳಗಿದ್ದೆ. ಚಿಲಕ ಹಾಕಿದ ಸದ್ದು ಹೊರಗೂ ಕೇಳಿಸಿರಬೇಕು.

ಮರುವರ್ಷವೂ ಬಂದರು. ಅದರ ಮರುವರ್ಷವೂ. ಯಾವ ವರ್ಷವೂ ತಪ್ಪಿಸಲಿಲ್ಲ. ಬಾಗಿಲು ಬಡಿಯುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಬಂದು ಹೊಸ್ತಿಲಾಚೆ ನಿಂತುಕೊಳ್ಳುವರು, ಅಷ್ಟೇ. ಅಕ್ಕ ಅವರನ್ನು ಒಂದು ಸಲ ನೋಡಿ ಬಾಗಿಲು ಮುಚ್ಚುವಳು. ನಾನು ಇಬ್ಬರ ನಡುವಿನವಳು, ಇಬ್ಬರಿಗೂ ಬೇಕಾದವಳು, ಇಬ್ಬರಿಗೂ ಒಂದು ಮಾತು ಆಡಲಾಗದೆ ಹಪ್ಪಳ ಕರಿಯುತ್ತಾ ಕೂತಿರುತ್ತಿದ್ದೆ. ಅಂಗಿಯನ್ನು ವಾಪಸು ತಂದು ಅವರು ಶೋಕೇಸಿನ ಮೂಲೆಯ ಕುರ್ಚಿಗೆ ಕೂರಿಸುವರು, ಉಳಿದ ಬಟ್ಟೆಗಳಿಗೆ ಬೆನ್ನು ಮಾಡಿ. ಬೆಂಗಳೂರಿನ ಶಾಲನ್ನು ಅವರು ಒಮ್ಮೆಯೂ ಹೊದೆಯಲಿಲ್ಲ; ಗಾಜು ತೊಳೆಯುವಾಗ ಗೊಂಬೆಗಳ ಮೇಲೆ ಧೂಳು ಕೂರದಂತೆ ಮುಚ್ಚುತ್ತಿದ್ದರು.

ಬರಬರುತ್ತಾ ಅವರ ಕೈಯ ಚಳಕವೇನೂ ಹೋಗಲಿಲ್ಲ, ಆದರೆ ರಸ್ತೆ ದಾಟಿ ಆ ಕಡೆ ನಿಂತು ನೋಡುವುದನ್ನು ಬಿಟ್ಟುಬಿಟ್ಟರು. ಯಾಕೆಂದು ಕೇಳಿದೆ. "ನೋಡಿದ್ರೆ ಚೆಂದ ಕಾಣ್ತದೆ ತಂಗಚ್ಚಿ. ಚೆಂದ ಕಂಡ್ರೆ ನಂದು ಅನ್ನುಸ್ತದೆ" ಎಂದರು. ಮತ್ತೆ ತಮಗೆ ತಾವೇ ಎಂಬಂತೆ, "ನಾನವತ್ತು ಸುಳ್ಳಾಡ್ಲಿಲ್ಲ. ಆ ಗಳಿಗೇಲಿ ಅವೆಲ್ಲ ನನ್ನವೇ ಅನ್ನಿಸಿಬುಡ್ತು. ಸುಳ್ಳಾಡಿದ್ರೆ ಎಷ್ಟೋ ವಾಸಿ ಇತ್ತು. ಕಾಲಿಗೆ ಬಿದ್ದು ಮುಗ್ಸಬೋದಿತ್ತು" ಎಂದರು. ನಾನು ಸೀರೆ ಮಡಚುವುದರಲ್ಲಿ ತಲೆ ತಗ್ಗಿಸಿದೆ. ಅಕ್ಕನ ಮನಸ್ಸು ಕರಗಿಸಲು ನಾನೊಂದು ಮಾತು ಹೇಳಿ ನೋಡಬಹುದಿತ್ತು. ಹೇಳಿದರೆ ಭಾವನಿಗೆ ದ್ರೋಹ ಮಾಡಿದಂತೆ ಎಂದು ತೋರುತ್ತಿತ್ತು, ಹೇಳದಿದ್ದರೆ ಇವರಿಗೆ. ಎರಡರ ನಡುವೆ ಸುಮ್ಮನಿರುವುದು ಸುಲಭವಾಗಿತ್ತು, ಹಾಗಾಗಿ ಸುಮ್ಮನಿದ್ದೆ. ಈಗಲೂ ಆ ಸುಮ್ಮನಿದ್ದದ್ದು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ತೊಂಬತ್ತರ ದಶಕದಲ್ಲಿ ಗಣಿಯ ಸದ್ದು ಇಳಿಯಿತು, ಪೇಟೆಯ ವ್ಯಾಪಾರವೂ ಇಳಿಯಿತು. ಯಜಮಾನರ ಮಗ ತಲೆಯಿಲ್ಲದ ಪ್ಲಾಸ್ಟಿಕ್ ಗೊಂಬೆಗಳನ್ನು ತರಿಸಿದ. ಅವಕ್ಕೆ ರೆಡಿಮೇಡ್ ಬಟ್ಟೆ ಯಾರು ಬೇಕಾದರೂ ಹಾಕಬಹುದಿತ್ತು. ಗೊಂಬೆಯಣ್ಣ ಬೇತಮಂಗಲದ ಅಣ್ಣನ ಮನೆಗೆ ಹೊರಟುಹೋದರು. ಅಲ್ಲಿಂದಲೂ ಮಹಾಲಯದ ದಿನ ಬಸ್ಸು ಹತ್ತಿ ಬಂದು ಅಕ್ಕನ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಒಂದು ಚಳಿಗಾಲ ಜ್ವರ ಬಂದು ಹೋಗಿಬಿಟ್ಟರು. ಸುದ್ದಿ ನನಗೆ ತಲುಪುವಾಗ ಕ್ರಿಯೆಯೂ ಮುಗಿದಿತ್ತು. ಅಕ್ಕನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಒಂದು ಗಳಿಗೆ ಮೊರ ನಿಲ್ಲಿಸಿ, ಮತ್ತೆ ಆರಿಸತೊಡಗಿದಳು. ಇಷ್ಟೇನಾ ಎಂದು ನನಗೆ ಅವಳ ಮೇಲೆ ಸಿಟ್ಟು ಬಂತು.

ಮುಂದಿನ ಪಿತೃಪಕ್ಷದಲ್ಲಿ ಅಕ್ಕ ಹೇಳಿಕಳಿಸಿದಳು. ಹೋದೆ. ಗೋಡೆಯ ಪಕ್ಕ ಎರಡು ಮಣೆ ತೊಳೆದು ಇಟ್ಟಿದ್ದಳು.

"ಇನ್ನೊಂದು ಯಾರ್ಗೆ?" ಎಂದೆ.

"ಅವ್ರಿಗೆ" ಎಂದಳು. "ಅವ್ರ ಮನೇಲಿ ಇಡ್ತಾರೋ ಬುಡ್ತಾರೋ. ಇಟ್ರೂ ಈ ದಿನ ಅವ್ರು ಬರಾದು ಇಲ್ಗೇ ಅಲ್ವೇನೇ? ಬಂದು ಬಾಗ್ಲಾಗೆ ನಿಂತ್ಕಂಡ್ರೆ?"

ಅಕ್ಕ ಮುಂದುವರಿದಳು. "ಪ್ಯಾಟೆಗೋಗಿ ಒಂದಂಗಿ ತಕ್ಕೊಂಬಾ. ನೀನು ಕೊಟ್ಟ ಬಟ್ಟೆ ಅವ್ರು ಬ್ಯಾಡ ಅನ್ನಲ್ಲ. ಅವ್ರು ಆಕ್ತಿದ್ದಂತಾದೇ ಇರ್ಲಿ. ಎಂತಾದು ಆಕ್ತಿದ್ರು?"

ಹೇಳಲು ಬಾಯಿ ತೆರೆದೆ. ಹುಬ್ಬು ನೆನಪಾಯಿತು. ಪಿನ್ನು, ಕೋಳಿಯಂತೆ ಓರೆಯಾಗುವ ಕತ್ತು, ಗಾಜಿನೊಳಗೆ ಚಾಚಿದ ಕೈಗಳು, ಎಲ್ಲ ನೆನಪಾದವು. ಅವರ ಮೈಮೇಲೆ ಏನಿತ್ತು? ಬಿಳಿಯೋ, ಬಣ್ಣದ್ದೋ? ತುಂಬುತೋಳೋ, ಅರೆತೋಳೋ? ಅಷ್ಟು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದವಳು, ದಾರಿಹೋಕರ ಸೀರೆಯ ಊರು ಹೇಳುತ್ತಿದ್ದವಳು, ನಾನು ಒಂದು ದಿನವೂ ಅವರನ್ನು ನೋಡಿರಲಿಲ್ಲ. ನೋಡಿದ್ದು ಅವರು ಉಡಿಸಿದ್ದನ್ನು ಮಾತ್ರ.

"ಗೊತ್ತಿಲ್ಲ ಅಕ್ಕ" ಎಂದೆ.

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದಳು. "ತಿಳಿನೀಲಿ" ಎಂದಳು. "ಸಣ್ಣ ಗೆರೆ ಇದ್ದುದ್ದು. ಎಡಗಡೆ ತೋಳು ಒಂದು ಮಡಿಕೆ ಜಾಸ್ತಿ ಮಡಿಸ್ತಿದ್ರು. ಕತ್ತಿನ ಗುಂಡಿ ಬಿದ್ದೋಗಿತ್ತು, ಅಲ್ಲೊಂದು ಗುಂಡ್‌ಪಿನ್ನು ಚುಚ್ಕಂಡಿರೋರು. ವರ್ಸಾ ವರ್ಸಾ ಅದೇ ಅಂಗಿ. ಕೈಲಿ ನೋಡಿದ್ರೆ ಒಸಾದು, ಮೈಮ್ಯಾಲೆ ಅದೇ." ಎರಡೂ ಅಂಗೈಗಳನ್ನು ಗಾಳಿಯಲ್ಲಿ ಎದುರುಬದುರಾಗಿ ಹಿಡಿದು, "ಭುಜ ಇಷ್ಟು" ಎಂದಳು.

ನನ್ನ ಸೆರಗನ್ನು ಅವಳ ಅಂಗೈಗಳ ನಡುವೆ ಹಿಡಿದು ಆ ಅಳತೆಗೆ ಗಂಟು ಹಾಕಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದೆ. ಗಂಟು ಬಿಚ್ಚಿಹೋದೀತೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಷ್ಟಿಯಲ್ಲಿ ಹಿಡಿದಿದ್ದೆ. ತಿಳಿನೀಲಿ, ಸಣ್ಣ ಗೆರೆಯದು ಸಿಕ್ಕಿತು.

ಅಮಾವಾಸ್ಯೆಯ ದಿನ ಎರಡು ಎಲೆ ಹಾಕಿ ಬಡಿಸಿದೆವು. ಭಾವನ ಎಲೆಯ ಪಕ್ಕ ಟವಲ್ಲು. ಇನ್ನೊಂದು ಎಲೆಯ ಪಕ್ಕ ನಾನು ಅಂಗಿಯಿಡಲು ಹೋದರೆ ಅಕ್ಕ ಕೈಚಾಚಿ ಈಸಿಕೊಂಡಳು. ಎಡತೋಳನ್ನು ಒಂದು ಮಡಿಕೆ ಹೆಚ್ಚು ಮಡಿಸಿದಳು. ಆಮೇಲೆ ಹೊಸ ಅಂಗಿಯ ಕತ್ತಿನ ಗುಂಡಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಆ ಜಾಗದಲ್ಲಿ ಒಂದು ಗುಂಡುಪಿನ್ನು ಚುಚ್ಚಿದಳು.

"ಅಯ್ಯೋ, ಯಾಕಕ್ಕಾ?" ಎಂದೆ.

"ಇಲ್ದಿದ್ರೆ ಇದು ತಮ್ದು ಅಂತ ಅವ್ರಿಗೆ ಎಂಗೆ ಗೊತ್ತಾಗ್ತದೆ?" ಎಂದಳು. ಅಂಗಿಯನ್ನು ಇಟ್ಟು, ಎದ್ದು ಹೋಗಿ ಬಾಗಿಲನ್ನು ಓರೆ ಮಾಡದೆ ಪೂರ್ತಿ ತೆರೆದಳು.